ಜನರೇಟರ್ ಎಂಜಿನ್‌ಗೆ ಲಾರಿ ಪಂಪ್: ಗುಜರಿ ಎಂಜಿನ್ ತರೋ ಮುಂಚೆ ಓದ್ಬೇಕಾದ್ದು

ಕಗ್ಗದಾಸಪುರದಲ್ಲಿ ಕರೆಂಟ್ ಹೋದರೆ ಅಪಾರ್ಟ್‌ಮೆಂಟ್‌ಗಳ ಜನರೇಟರ್‌ಗಳು ಒಂದರ ಹಿಂದೆ ಒಂದು ಶುರುವಾಗ್ತವೆ. ಒಂದು ಕಟ್ಟಡದಲ್ಲಿ ಕಿರ್ಲೋಸ್ಕರ್, ಇನ್ನೊಂದರಲ್ಲಿ ಮಹೀಂದ್ರ ಪವರಾಲ್, ಮತ್ತೊಂದರಲ್ಲಿ ಅಶೋಕ್ ಲೇಲ್ಯಾಂಡ್. ಕಂಪನಿ ಬೇರೆ, ಸೈಜ್ ಬೇರೆ, ಆದರೆ ಹೆಚ್ಚಿನವು ಓಡೋ ವೇಗ ಒಂದೇ: ನಿಮಿಷಕ್ಕೆ 1500 ಸುತ್ತು. ಇವು ಹಳೇದಾದ ಮೇಲೆ ಗುಜರಿಗೆ ಹೋಗ್ತವೆ. ವರ್ಷಕ್ಕೆ ಕೆಲವೇ ಗಂಟೆ ಓಡಿರೋದ್ರಿಂದ ಎಷ್ಟೋ ಸಲ ಎಂಜಿನ್ ಇನ್ನೂ ಗಟ್ಟಿಯಾಗೇ ಇರತ್ತೆ.

ಅಲ್ಲಿಂದ ಹುಟ್ಟೋ ಪ್ರಶ್ನೆ ನಮ್ಮಂಥವರ ಗುಂಪುಗಳಲ್ಲಿ ಮತ್ತೆ ಮತ್ತೆ ಬರತ್ತೆ. ಮಹೀಂದ್ರ ಜೀಪ್‌ಗೂ ಎಂಜಿನ್ ಮಾಡತ್ತೆ, ಜನರೇಟರ್‌ಗೂ ಮಾಡತ್ತೆ. ಲೇಲ್ಯಾಂಡ್ ಕೂಡ ಲಾರಿಗೂ ಜನರೇಟರ್‌ಗೂ ಎಂಜಿನ್ ಕೊಡತ್ತೆ. ಹಾಗಿದ್ರೆ ಜನರೇಟರ್ ಎಂಜಿನ್ ತಂದು, ಅದಕ್ಕೆ ಲಾರಿಯ ಡೀಸೆಲ್ ಪಂಪ್ ಹಾಕಿ, ಹಳೇ ಪೆಟ್ರೋಲ್ ಜೀಪ್ ಒಳಗೆ ಇಟ್ರೆ ಆಯ್ತಲ್ವಾ?

ಚಿಕ್ಕ ಉತ್ತರ: ಅದೇ ಜಾತಿಯ ಎಂಜಿನ್‌ನ ಲಾರಿ ಪಂಪ್ ಸಿಕ್ಕಿದ್ರೆ ಮೆಕ್ಯಾನಿಕಲ್ ಆಗಿ ಆಗತ್ತೆ. ಆದರೆ ಎಂಜಿನ್ ಎಷ್ಟು ಡೀಸೆಲ್ ಕುಡೀಬೇಕು, ಯಾವಾಗ ಕುಡೀಬೇಕು, ಎಷ್ಟು ವೇಗಕ್ಕೆ ನಿಲ್ಲಿಸ್ಬೇಕು ಅನ್ನೋ ಮೂರೂ ವಿಷಯ ಪಂಪ್‌ನಲ್ಲೇ ಬರೆದಿರತ್ತೆ. ಪಂಪ್ ಬದಲಾಯಿಸಿದ್ರೆ ಎಂಜಿನ್‌ನ ಸ್ವಭಾವವೇ ಬದಲಾಗತ್ತೆ. ಆ ಮೂರು ಲೆಕ್ಕ ಹೇಗೆ ಹಾಕೋದು ಅನ್ನೋದನ್ನ ಇಲ್ಲಿ ನೋಡೋಣ. ಕೊನೆಗೆ ಇದನ್ನ ರೋಡಿಗೆ ತರಬಹುದಾ ಅನ್ನೋದನ್ನೂ ಹೇಳ್ತೀನಿ, ಯಾಕಂದ್ರೆ ಆ ಉತ್ತರ ಅಷ್ಟು ಖುಷಿ ಕೊಡಲ್ಲ.

1500 ಯಾಕೆ?

ನಮ್ಮ ಮನೆಗೆ ಬರೋ ಕರೆಂಟ್ 50 ಹರ್ಟ್ಜ್. ನಾಲ್ಕು ಪೋಲ್ ಇರೋ ಆಲ್ಟರ್ನೇಟರ್‌ನಿಂದ 50 ಹರ್ಟ್ಜ್ ಬರ್ಬೇಕಂದ್ರೆ ಅದು 1500 ಆರ್‌ಪಿಎಂನಲ್ಲಿ ತಿರುಗ್ಲೇಬೇಕು. ಲಿಫ್ಟ್ ಆನ್ ಆದಾಗ ಲೋಡ್ ಹೆಚ್ಚಾಗತ್ತೆ, ನೀರಿನ ಮೋಟರ್ ಆಫ್ ಆದಾಗ ಕಡಿಮೆ ಆಗತ್ತೆ, ಆದರೆ ವೇಗ ಅಲ್ಲಾಡಬಾರದು. ಆದ್ದರಿಂದ ಜನರೇಟರ್ ಎಂಜಿನ್‌ಗೆ ಇಡೀ ಜೀವನದಲ್ಲಿ ಗೊತ್ತಿರೋದು ಒಂದೇ ವೇಗ.

ಇದನ್ನ ನಾವೆಲ್ಲ ಲ್ಯಾಬ್‌ನಲ್ಲಿ ನೋಡೇ ನೋಡ್ತೀವಿ. ಎಷ್ಟೋ ಕಾಲೇಜುಗಳ ಐಸಿ ಎಂಜಿನ್ ಲ್ಯಾಬ್‌ನಲ್ಲಿರೋ ಕಿರ್ಲೋಸ್ಕರ್ ಸಿಂಗಲ್ ಸಿಲಿಂಡರ್ ಎಂಜಿನ್ ಕೂಡ 1500ರದ್ದೇ. ಲೋಡ್ ಏರಿಸ್ತಾ ಹೋದ ಹಾಗೆ ಡೀಸೆಲ್ ಖರ್ಚು ಹೆಚ್ಚಾಗತ್ತೆ, ಟ್ಯಾಕೋಮೀಟರ್ ಮಾತ್ರ ಸ್ವಲ್ಪವೇ ಇಳಿಯತ್ತೆ. ನಾವು ಯಾರೂ ಆಕ್ಸಿಲರೇಟರ್ ಮುಟ್ಟಿರಲ್ಲ. ಹಾಗಾದ್ರೆ ಡೀಸೆಲ್ ಹೆಚ್ಚಿಸಿದ್ದು ಯಾರು? ಅದು ಗವರ್ನರ್ ಕೆಲಸ. ಗವರ್ನರ್ ಹೇಳಿದ್ದನ್ನ ಮಾಡೋದು ಪಂಪ್.

ಪಂಪ್ ಒಳಗೆ ಏನಿದೆ?

ರುಡಾಲ್ಫ್ ಡೀಸೆಲ್ ಕಾಲದ ಎಂಜಿನ್‌ಗಳಲ್ಲಿ ಇಂಧನವನ್ನ ಸಿಲಿಂಡರ್ ಒಳಗೆ ತಳ್ಳೋಕೆ ಒತ್ತಡದ ಗಾಳಿ ಬೇಕಿತ್ತು. ಅದಕ್ಕೊಂದು ದೊಡ್ಡ ಕಂಪ್ರೆಸರ್. ಹಡಗು, ಕಾರ್ಖಾನೆಗೆ ಸರಿ, ಲಾರಿಗೆ ಆಗದ ಮಾತು. ಜರ್ಮನಿಯ ಬಾಷ್ ಕಂಪನಿ 1927ರಲ್ಲಿ ಗಾಳಿಯ ಹಂಗಿಲ್ಲದ ಇಂಜೆಕ್ಷನ್ ಪಂಪ್‌ಗಳನ್ನ ಸರಣಿಯಾಗಿ ತಯಾರಿಸೋಕೆ ಶುರು ಮಾಡ್ತು. ಡೀಸೆಲ್ ಲಾರಿ ಎಲ್ಲರ ಕೈಗೆಟುಕೋ ಹಾಗಾಗಿದ್ದರಲ್ಲಿ ಈ ಪಂಪ್‌ನ ಪಾಲು ದೊಡ್ಡದು.

ಬೆಂಗಳೂರಿಗೂ ಇದಕ್ಕೂ ಹತ್ತಿರದ ನಂಟು. ಬಾಷ್‌ನ ಭಾರತೀಯ ಕಂಪನಿ ಮೋಟಾರ್ ಇಂಡಸ್ಟ್ರೀಸ್, ಅಂದ್ರೆ ಮೈಕೋ, 1951ರಲ್ಲಿ ಹುಟ್ಟಿತು. ಆಡುಗೋಡಿಯ ಅದರ ಕಾರ್ಖಾನೆ ದಶಕಗಟ್ಟಲೆ ದೇಶದ ಲಾರಿ, ಟ್ರ್ಯಾಕ್ಟರ್‌ಗಳಿಗೆ ಡೀಸೆಲ್ ಪಂಪ್ ಕೊಟ್ಟಿತು. 2008ರಲ್ಲಿ ಹೆಸರು ಬಾಷ್ ಲಿಮಿಟೆಡ್ ಆಯ್ತು. ಆದ್ರೂ ಮೆಕ್ಯಾನಿಕ್‌ಗಳ ಬಾಯಲ್ಲಿ ಅದು ಇವತ್ತಿಗೂ ಮೈಕೋ ಪಂಪ್. ಬನ್ನೇರುಘಟ್ಟ ರಸ್ತೆ ಕಡೆ ಹೋದಾಗ ಮೈಕೋ ಲೇಔಟ್ ಅನ್ನೋ ಬೋರ್ಡ್ ನೋಡಿದ್ರೆ, ಆ ಹೆಸರಿನ ಹಿಂದೆ ಇರೋದು ಇದೇ ಕಂಪನಿ.

ಲಾರಿಯ ಇನ್‌ಲೈನ್ ಪಂಪ್ ನೋಡೋಕೆ ಒಂದು ಪುಟ್ಟ ಎಂಜಿನ್ ಥರಾನೇ ಇರತ್ತೆ. ಕೆಳಗೆ ಒಂದು ಕ್ಯಾಮ್‌ಶಾಫ್ಟ್. ಎಂಜಿನ್‌ಗೆ ಎಷ್ಟು ಸಿಲಿಂಡರ್ ಇದೆಯೋ ಅಷ್ಟು ಕ್ಯಾಮ್, ಅಷ್ಟೇ ಪ್ಲಂಜರ್. ಪ್ಲಂಜರ್ ಮತ್ತು ಅದರ ಬ್ಯಾರಲ್ ಸೇರಿದ ಜೋಡಿಗೆ ಎಲಿಮೆಂಟ್ ಅಂತಾರೆ. ಅವೆರಡರ ನಡುವಿನ ಸಂದು ಎರಡು ಮೂರು ಮೈಕ್ರಾನ್ ಅಷ್ಟೇ. ನಮ್ಮ ತಲೆಕೂದಲಿನ ದಪ್ಪಕ್ಕೆ ಹೋಲಿಸಿದ್ರೆ ಇಪ್ಪತ್ತನೇ ಒಂದು ಪಾಲಿಗಿಂತ ಕಡಿಮೆ. ಅಲ್ಲಿ ರಬ್ಬರ್ ಸೀಲ್ ಇಲ್ಲ, ಆ ಸಂದೇ ಸೀಲ್. ಒಳಗೆ ಸವರೋದು ಡೀಸೆಲ್ಲೇ. ಆದ್ದರಿಂದ ಒಂದು ಕಣ ಮಣ್ಣು, ಸ್ವಲ್ಪ ನೀರು ಹೋದ್ರೂ ಎಲಿಮೆಂಟ್ ಹಾಳು.

ಇದರ ಜಾಣತನ ಇರೋದು ಅಳತೆ ಮಾಡೋ ರೀತಿಯಲ್ಲಿ. ಕ್ಯಾಮ್ ಪ್ಲಂಜರನ್ನ ಪ್ರತಿ ಸಲ ಅಷ್ಟೇ ಎತ್ತರಕ್ಕೆ ತಳ್ಳತ್ತೆ. ಹಾಗಿದ್ರೆ ಡೀಸೆಲ್ ಹೆಚ್ಚು ಕಡಿಮೆ ಆಗೋದು ಹೇಗೆ? ಒಂದು ಸಿರಿಂಜ್ ಪಕ್ಕದಲ್ಲಿ ಸಣ್ಣ ತೂತು ಇದೆ ಅಂದ್ಕೊಳ್ಳಿ. ಪಿಸ್ಟನ್ ಮೇಲೆ ಬಂದು ತೂತನ್ನ ಮುಚ್ಚಿದ ಕ್ಷಣದಿಂದ ಒತ್ತಡ ಏರತ್ತೆ. ಈಗ ಪಿಸ್ಟನ್ ಮೈಮೇಲೆ ಓರೆಯಾಗಿ ಒಂದು ಗಾಡಿ ಕೊರೆದಿದೆ. ಆ ಗಾಡಿ ತೂತಿಗೆ ತಾಗಿದ ತಕ್ಷಣ ಒತ್ತಡ ಹೊರಗೆ ಸೋರಿ, ಇಂಜೆಕ್ಷನ್ ಮುಗಿಯತ್ತೆ. ಪಿಸ್ಟನ್ನನ್ನ ಸ್ವಲ್ಪ ತಿರುಗಿಸಿದ್ರೆ ಓರೆ ಗಾಡಿ ಬೇಗ ಅಥವಾ ತಡವಾಗಿ ತಾಗತ್ತೆ. ಹಾಗೆ ಎಲ್ಲಾ ಪ್ಲಂಜರ್‌ಗಳನ್ನ ಒಟ್ಟಿಗೆ ತಿರುಗಿಸೋ ಹಲ್ಲಿನ ಪಟ್ಟಿಗೆ ರ‍್ಯಾಕ್ ಅಂತ ಹೆಸರು. ರ‍್ಯಾಕ್ ಒಂದು ಕಡೆ ಪೂರ್ತಿ ಹೋದ್ರೆ ಡೀಸೆಲ್ ಸೊನ್ನೆ, ಎಂಜಿನ್ ಆಫ್. ಇನ್ನೊಂದು ಕಡೆ ಪೂರ್ತಿ ಹೋದ್ರೆ ಗರಿಷ್ಠ ಡೀಸೆಲ್.

ಡೀಸೆಲ್ ಎಂಜಿನ್‌ನ ವೇಗ, ಶಕ್ತಿ, ಹೊಗೆ, ಪ್ರಾಣ ಎಲ್ಲಾ ಈ ಒಂದು ಪಟ್ಟಿ ಎಲ್ಲಿದೆ ಅನ್ನೋದರ ಮೇಲೆ ನಿಂತಿದೆ.

ಒಂದು ಹನಿಯ ಲೆಕ್ಕ

ಮೊದಲನೇ ಪ್ರಶ್ನೆ: ಲಾರಿ ಪಂಪ್ ಜನರೇಟರ್ ಎಂಜಿನ್‌ಗೆ ಜಾಸ್ತಿ ಡೀಸೆಲ್ ಕೊಡತ್ತಾ?

ಸುಮಾರು 3 ಲೀಟರ್‌ನ ನಾಲ್ಕು ಸಿಲಿಂಡರ್ ಎಂಜಿನ್ ತಗೊಳ್ಳೋಣ. ಟಾಟಾ 407 ಲಾರಿಯ 497 ಎಂಜಿನ್ ಇದೇ ಅಳತೆಯದು, 2956 ಸಿಸಿ. (ಹೆಸರಲ್ಲೇ ಉತ್ತರ ಇದೆ: 4 ಸಿಲಿಂಡರ್, 97 ಮಿಲಿಮೀಟರ್ ಬೋರ್. ದೊಡ್ಡ ಲಾರಿಯ 697 ಅಂದ್ರೆ ಅದೇ ಬೋರ್, ಆರು ಸಿಲಿಂಡರ್.) ಲೆಕ್ಕಕ್ಕೆ ಅಂತ, ಇಂಥ ಎಂಜಿನ್ 2800 ಆರ್‌ಪಿಎಂನಲ್ಲಿ 50 ಕಿಲೋವ್ಯಾಟ್ ಕೊಡತ್ತೆ, ಪ್ರತಿ ಕಿಲೋವ್ಯಾಟ್ ಅವರ್‌ಗೆ 240 ಗ್ರಾಂ ಡೀಸೆಲ್ ತಿನ್ನತ್ತೆ ಅಂತಿಟ್ಟುಕೊಳ್ಳಿ.

ಗಂಟೆಗೆ 12 ಕೆಜಿ ಡೀಸೆಲ್ ಆಯ್ತು. ಲೀಟರ್‌ಗೆ 0.83 ಕೆಜಿ ಅಂತ ಹಿಡಿದ್ರೆ ಸುಮಾರು 14.5 ಲೀಟರ್. ನಾಲ್ಕು ಸ್ಟ್ರೋಕ್ ಎಂಜಿನ್ ಆದ್ದರಿಂದ ಪ್ರತಿ ಸಿಲಿಂಡರ್‌ಗೂ ಎರಡು ಸುತ್ತಿಗೆ ಒಂದು ಇಂಜೆಕ್ಷನ್. ಗಂಟೆಗೆ ಒಟ್ಟು 3,36,000 ಇಂಜೆಕ್ಷನ್. ಭಾಗಿಸಿದ್ರೆ ಒಂದು ಇಂಜೆಕ್ಷನ್‌ಗೆ 43 ಘನ ಮಿಲಿಮೀಟರ್. ಒಂದು ಹನಿ ನೀರು ಸುಮಾರು 50 ಘನ ಮಿಲಿಮೀಟರ್ ಇರತ್ತೆ. ಅಂದ್ರೆ ಇಷ್ಟು ದೊಡ್ಡ ಲಾರಿ ಫುಲ್ ಲೋಡ್‌ನಲ್ಲಿ ಓಡ್ತಿರೋದು ಒಂದು ಸಲಕ್ಕೆ ಒಂದು ಹನಿಗಿಂತ ಕಡಿಮೆ ಡೀಸೆಲ್‌ನಲ್ಲಿ.

ಈಗ ಅದೇ ಎಂಜಿನ್ ಜನರೇಟರ್‌ನಲ್ಲಿದೆ, 1500 ಆರ್‌ಪಿಎಂ, 25 ಕಿಲೋವ್ಯಾಟ್ ಕೊಡ್ತಿದೆ ಅನ್ಕೊಳ್ಳಿ. ಗಂಟೆಗೆ 6 ಕೆಜಿ, ಸುಮಾರು 7.2 ಲೀಟರ್. ಇಂಜೆಕ್ಷನ್ ಸಂಖ್ಯೆ 1,80,000. ಒಂದಕ್ಕೆ 40 ಘನ ಮಿಲಿಮೀಟರ್.

43 ಮತ್ತು 40! ಶಕ್ತಿ ಅರ್ಧಕ್ಕರ್ಧ ಇಳಿದಿದೆ, ಹನಿಯ ಗಾತ್ರ ಮಾತ್ರ ಹೆಚ್ಚು ಕಡಿಮೆ ಅಷ್ಟೇ ಇದೆ. ಯಾಕಂದ್ರೆ ಹನಿಯ ಗಾತ್ರ ನಿರ್ಧಾರ ಆಗೋದು ಸಿಲಿಂಡರ್ ಒಳಗೆ ಎಷ್ಟು ಗಾಳಿ ಇದೆ ಅನ್ನೋದ್ರಿಂದ, ಗಾಳಿ ಎರಡರಲ್ಲೂ ಒಂದೇ. ಹಾಗಾಗಿ ಅದೇ ಕುಟುಂಬದ ಎಂಜಿನ್ ಆಗಿದ್ರೆ ಎಲಿಮೆಂಟ್ ಅಳತೆ ಹತ್ತಿರ ಹತ್ತಿರ ಹೊಂದೋ ಸಾಧ್ಯತೆ ಇದೆ. ಟರ್ಬೊ ಇದ್ರೆ ಕಥೆ ಬೇರೆ. ಗಾಳಿ ಜಾಸ್ತಿ ಹೋಗತ್ತೆ, ಹನಿ ದೊಡ್ಡದಾಗತ್ತೆ. ಟರ್ಬೊ ಇಲ್ಲದ ಎಂಜಿನ್‌ಗೆ ಟರ್ಬೊ ಲಾರಿಯ ಪಂಪ್ ಹಾಗೇ ಹಾಕಿದ್ರೆ ಕಪ್ಪು ಹೊಗೆ, ಕರಗೋ ಪಿಸ್ಟನ್.

ನಿಜವಾದ ವ್ಯತ್ಯಾಸ ಗವರ್ನರ್‌ನಲ್ಲಿ

ಥಿಯರಿ ಆಫ್ ಮೆಷಿನ್ಸ್‌ನಲ್ಲಿ ಹತ್ತು ಮಾರ್ಕ್ಸ್‌ಗೆ ಅಂತ ಬಿಡಿಸೋ ಹಾರ್ಟ್‌ನೆಲ್ ಗವರ್ನರ್ ನೆನಪಿದ್ಯಾ? ತಿರುಗೋ ತೂಕಗಳು, ಅವನ್ನ ಹಿಡಿಯೋ ಸ್ಪ್ರಿಂಗ್. ಅದರ ಹತ್ತಿರದ ಸಂಬಂಧಿ ಇದೇ ಪಂಪ್‌ನ ಬಾಲದಲ್ಲಿ ಕೂತಿರತ್ತೆ. ವೇಗ ಹೆಚ್ಚಾದ್ರೆ ತೂಕಗಳು ಹೊರಗೆ ಸರಿದು ರ‍್ಯಾಕನ್ನ ಕಡಿಮೆ ಡೀಸೆಲ್ ಕಡೆಗೆ ಎಳೀತವೆ. ವೇಗ ಕಡಿಮೆಯಾದ್ರೆ ಸ್ಪ್ರಿಂಗ್ ಗೆಲ್ಲತ್ತೆ, ಡೀಸೆಲ್ ಹೆಚ್ಚಾಗತ್ತೆ.

ಕಂಟ್ರೋಲ್ ಸಿಸ್ಟಮ್ಸ್ ಭಾಷೆಯಲ್ಲಿ ಹೇಳೋದಾದ್ರೆ ಇದು ಪಕ್ಕಾ ಪ್ರಪೋರ್ಷನಲ್ ಕಂಟ್ರೋಲರ್. ತಪ್ಪು ಇದ್ದರೆ ಮಾತ್ರ ತಿದ್ದತ್ತೆ. ಆದ್ದರಿಂದ ಲೋಡ್ ಇಲ್ಲದಾಗ ಮತ್ತು ಫುಲ್ ಲೋಡ್ ಇದ್ದಾಗ ವೇಗದಲ್ಲಿ ಸ್ವಲ್ಪ ವ್ಯತ್ಯಾಸ ಉಳಿಯತ್ತೆ. ಇದಕ್ಕೆ ಡ್ರೂಪ್ ಅಂತಾರೆ. 4 ಶೇಕಡಾ ಡ್ರೂಪ್ ಇರೋ ಜನರೇಟರ್ ಫುಲ್ ಲೋಡ್‌ನಲ್ಲಿ 1500 ಓಡಿದ್ರೆ, ಖಾಲಿ ಇದ್ದಾಗ 1560 ಓಡತ್ತೆ, ಅಂದ್ರೆ 52 ಹರ್ಟ್ಜ್. ಲ್ಯಾಬ್ ಎಂಜಿನ್‌ನಲ್ಲಿ ಲೋಡ್ ಏರಿಸಿದಾಗ ಟ್ಯಾಕೋಮೀಟರ್ ಸ್ವಲ್ಪ ಇಳಿದಿದ್ದೂ ಇದಕ್ಕೇ.

ಲಾರಿಯ ಗವರ್ನರ್‌ಗೆ ಬೇರೆ ಕೆಲಸ. ಬಾಷ್‌ನ ಆರ್‌ಕ್ಯೂ ಮಾದರಿಯ ಗವರ್ನರ್ ಎರಡೇ ಕಡೆ ಬಾಯಿ ಹಾಕತ್ತೆ. ಐಡ್ಲಿಂಗ್‌ನಲ್ಲಿ ಎಂಜಿನ್ ಆಫ್ ಆಗದ ಹಾಗೆ ನೋಡ್ಕೊಳ್ಳತ್ತೆ, ಗರಿಷ್ಠ ವೇಗ ದಾಟಿದ್ರೆ ಡೀಸೆಲ್ ಕಟ್ ಮಾಡತ್ತೆ. ಮಧ್ಯದಲ್ಲಿ ಅದು ಸುಮ್ಮನೆ ಇರತ್ತೆ. ಪೆಡಲ್ ನೇರವಾಗಿ ರ‍್ಯಾಕ್ ನಡೆಸತ್ತೆ. ಆಗ ಲೂಪ್ ಮುಚ್ಚೋ ಕಂಟ್ರೋಲರ್ ಅಂದ್ರೆ ಡ್ರೈವರ್ರೇ.

ಇವೆರಡರ ಮಧ್ಯೆ ಮೂರನೇ ಜಾತಿ ಇದೆ, ಎಲ್ಲಾ ವೇಗವನ್ನೂ ಹಿಡಿದಿಡೋದು. ನಾವು ಇಟ್ಟ ವೇಗವನ್ನ ಅದು ಕಾಯತ್ತೆ. ಟ್ರ್ಯಾಕ್ಟರ್‌ನಲ್ಲಿ ಕೈ ಲಿವರ್ ಒಂದು ಕಡೆ ಇಟ್ಟು ಉಳೋಕೆ ಆಗೋದು ಇದರಿಂದಾನೇ. ಕೆ.ಆರ್. ಪುರದ ಡೀಸೆಲ್ ಲೋಕೋ ಶೆಡ್‌ನಲ್ಲಿದ್ದ ಆಲ್ಕೊ ಜಾತಿಯ ರೈಲು ಎಂಜಿನ್‌ಗಳಲ್ಲೂ ಇದೇ ತತ್ವ. ಲೋಕೋ ಪೈಲಟ್ ಕೈಲಿರೋ ಹಿಡಿಗೆ 8 ನಾಚ್. ಪ್ರತಿ ನಾಚ್ ಒಂದೊಂದು ವೇಗದ ಆಜ್ಞೆ, ಎಂಟನೇದರಲ್ಲಿ ಸುಮಾರು 1000 ಆರ್‌ಪಿಎಂ. ಎಷ್ಟು ಡೀಸೆಲ್ ಬೇಕು ಅನ್ನೋದನ್ನ ಗವರ್ನರ್ ನೋಡ್ಕೊಳ್ಳತ್ತೆ.

ಈಗ ಜನರೇಟರ್ ಪಂಪನ್ನೇ ಬಿಟ್ಟು ಜೀಪ್‌ಗೆ ಎಂಜಿನ್ ಇಟ್ರೆ ಏನಾಗತ್ತೆ ನೋಡಿ. ಚಕ್ರದ ತ್ರಿಜ್ಯ 0.35 ಮೀಟರ್, ಆಕ್ಸಲ್ ರೇಶಿಯೊ 4.1 ಅಂತ ಹಿಡಿಯೋಣ. 1500 ಆರ್‌ಪಿಎಂನಲ್ಲಿ ಟಾಪ್ ಗೇರ್‌ನ ವೇಗ ಗಂಟೆಗೆ 48 ಕಿಲೋಮೀಟರ್. ಫಸ್ಟ್ ಗೇರ್ 5ಕ್ಕೆ 1 ಇದ್ರೆ 9.7 ಕಿಲೋಮೀಟರ್. ಇದಕ್ಕಿಂತ ನಿಧಾನ ಹೋಗ್ಬೇಕಂದ್ರೆ ಕ್ಲಚ್ ಸುಡ್ಬೇಕು. ಕಗ್ಗದಾಸಪುರ ರೈಲ್ವೆ ಗೇಟ್ ಮುಂದಿನ ಟ್ರಾಫಿಕ್‌ನಲ್ಲಿ ಇಂಥ ಜೀಪ್ ಓಡಿಸೋದನ್ನ ಊಹಿಸ್ಕೊಳ್ಳಿ.

ಸರಿ, ಜನರೇಟರ್ ಗವರ್ನರ್‌ನ ಲಿವರ್‌ಗೇ ಆಕ್ಸಿಲರೇಟರ್ ಕೇಬಲ್ ಕಟ್ಟಿದ್ರೆ? ಇದನ್ನ ಮಾಡೋರಿದ್ದಾರೆ. ಇಲ್ಲಿ ಭೌತಶಾಸ್ತ್ರ ಅಡ್ಡ ಬರತ್ತೆ. ತಿರುಗೋ ತೂಕದ ಬಲ ವೇಗದ ವರ್ಗಕ್ಕೆ ಅನುಪಾತದಲ್ಲಿರತ್ತೆ. 1500ರಲ್ಲಿ ಇರೋ ಬಲ 700ರ ಐಡ್ಲಿಂಗ್‌ನಲ್ಲಿ ಸುಮಾರು ಐದನೇ ಒಂದು ಭಾಗಕ್ಕೆ ಇಳಿಯತ್ತೆ, 2800ರಲ್ಲಿ ಮೂರೂವರೆ ಪಟ್ಟು ಆಗತ್ತೆ. 1500ಕ್ಕೆ ಅಂತ ಆರಿಸಿದ ಒಂದು ಸ್ಪ್ರಿಂಗ್ ಈ ಎರಡು ತುದಿಯನ್ನೂ ಸರಿಯಾಗಿ ಕಾಯಲ್ಲ. ಐಡ್ಲಿಂಗ್‌ನಲ್ಲಿ ವೇಗ ಏರ್ತಾ ಇಳೀತಾ ಇರತ್ತೆ. ಪೆಡಲ್ ಸ್ವಲ್ಪ ಒತ್ತಿದ್ರೆ ಗವರ್ನರ್ ಪೂರ್ತಿ ಡೀಸೆಲ್ ಸುರಿದು ಗಾಡಿ ಎಗರತ್ತೆ.

ಲಾರಿ ಪಂಪ್ ಬೇಕು ಅನ್ನೋದು ಇದಕ್ಕೇ. ಎಲಿಮೆಂಟ್‌ಗಿಂತ ಹೆಚ್ಚಾಗಿ ನಮಗೆ ಬೇಕಿರೋದು ಅದರ ಗವರ್ನರ್.

ಯಾವ ಲಾರಿಯ ಪಂಪ್?

ಜೆ.ಸಿ. ರಸ್ತೆ, ಶಿವಾಜಿನಗರದಲ್ಲಿ ಹಳೇ ಬಿಡಿಭಾಗ ಹುಡುಕೋರಿಗೆ ಗೊತ್ತು, ಸಿಕ್ಕ ಪಂಪೆಲ್ಲ ಕಣ್ಣಿಗೆ ಒಂದೇ ಥರ ಕಾಣತ್ತೆ. ಕೊಳ್ಳೋ ಮುಂಚೆ ಇಷ್ಟು ನೋಡ್ಬೇಕು.

ಮೊದಲು ಕುಟುಂಬ. ನಿಮ್ಮ ಜನರೇಟರ್ ಎಂಜಿನ್‌ನ ಲಾರಿ ಅಥವಾ ಜೀಪ್ ರೂಪ ಇದೆಯಾ? ಇದ್ರೆ ಆ ಗಾಡಿಯ ಪಂಪೇ ಬೇಕು. ಪಂಪ್ ಮೈಮೇಲೆ ಒಂದು ಪ್ಲೇಟ್ ಇರತ್ತೆ, ಅದರ ಮೇಲಿನ ನಂಬರ್‌ನಿಂದ ಪಂಪ್ ಅಂಗಡಿಯವರು ಅದು ಯಾವ ಎಂಜಿನ್‌ದು ಅಂತ ಹೇಳ್ತಾರೆ. ಪ್ಲೇಟ್ ಇಲ್ಲದ ಪಂಪ್ ಎಷ್ಟೇ ಕಡಿಮೆಗೆ ಸಿಕ್ಕಿದ್ರೂ ಬೇಡ.

ಎರಡನೇದು, ಸಿಲಿಂಡರ್ ಸಂಖ್ಯೆ ಮತ್ತು ಫೈರಿಂಗ್ ಆರ್ಡರ್. ನಾಲ್ಕು ಸಿಲಿಂಡರ್‌ಗೆ ಸಾಮಾನ್ಯವಾಗಿ 1-3-4-2, ಆರಕ್ಕೆ 1-5-3-6-2-4. ಮೂರನೇದು, ತಿರುಗೋ ದಿಕ್ಕು. ನಾಲ್ಕನೇದು, ಕೂರೋ ರೀತಿ. ಕೆಲವು ಪಂಪ್ ಟೈಮಿಂಗ್ ಗೇರ್ ಕೇಸ್‌ಗೆ ನೇರವಾಗಿ ಫ್ಲ್ಯಾಂಜ್‌ನಿಂದ ಕೂರತ್ತೆ, ಕೆಲವು ತೊಟ್ಟಿಲಿನಂಥ ಬ್ರಾಕೆಟ್ ಮೇಲೆ ಕೂತು ಕಪ್ಲಿಂಗ್‌ನಿಂದ ತಿರುಗತ್ತೆ. ಐದನೇದು, ಆಯಿಲ್. ಕೆಲವು ಪಂಪ್‌ಗೆ ಎಂಜಿನ್‌ನಿಂದ ಆಯಿಲ್ ಪೈಪ್ ಬೇಕು, ಕೆಲವು ತಮ್ಮ ಹೊಟ್ಟೆಯಲ್ಲೇ ಆಯಿಲ್ ಇಟ್ಕೊಂಡಿರ್ತವೆ. ಪೈಪ್ ಮರೆತ್ರೆ ಕ್ಯಾಮ್ ಬೇಗ ಸವೆಯತ್ತೆ.

ಪಂಪ್ ಸಿಕ್ಕ ಮೇಲೆ ಅದನ್ನ ನೇರವಾಗಿ ಎಂಜಿನ್‌ಗೆ ಹಾಕಬೇಡಿ. ಮೊದಲು ಟೆಸ್ಟ್ ಬೆಂಚ್. ಡೀಸೆಲ್ ಪಂಪ್ ಸರ್ವೀಸ್ ಅಂಗಡಿಗಳಲ್ಲಿ ಒಂದು ಮೋಟರ್ ಪಂಪನ್ನ ತಿರುಗಿಸತ್ತೆ, ಪ್ರತಿ ಎಲಿಮೆಂಟ್‌ನಿಂದ ಬಂದ ದ್ರವ ಬೇರೆ ಬೇರೆ ಗಾಜಿನ ಕೊಳವೆಗೆ ಬೀಳತ್ತೆ. ಇಲ್ಲಿ ಒಂದು ಸುಲಭದ ಲೆಕ್ಕ: 1000 ಸ್ಟ್ರೋಕ್‌ಗೆ ಎಷ್ಟು ಸಿಸಿಯೋ, ಒಂದು ಸ್ಟ್ರೋಕ್‌ಗೆ ಅಷ್ಟೇ ಘನ ಮಿಲಿಮೀಟರ್. ನಮ್ಮ 43 ಅಂದ್ರೆ ಕೊಳವೆಯಲ್ಲಿ 43 ಸಿಸಿ. ನಾಲ್ಕೂ ಕೊಳವೆ ಸಮ ಇರ್ಬೇಕು. ಇಲ್ಲದಿದ್ರೆ ಒಂದು ಸಿಲಿಂಡರ್ ದುಡಿಯತ್ತೆ, ಇನ್ನೊಂದು ಸೋಮಾರಿ. ನಿಮ್ಮ ಎಂಜಿನ್‌ಗೆ ಎಷ್ಟು ಬೇಕು, ಯಾವ ವೇಗಕ್ಕೆ ಕಟ್ ಆಗ್ಬೇಕು ಅಂತ ಅಲ್ಲೇ ಹೇಳಿ ಸೆಟ್ ಮಾಡಿಸಬೇಕು. ಒಂದನ್ನ ನೆನಪಿಡಿ: ಬೆಂಚ್ ಮೇಲೆ ಓದೋದು ಪಂಪ್‌ನ ವೇಗ, ಅದು ಎಂಜಿನ್ ವೇಗದ ಅರ್ಧ. ಎಂಜಿನ್ 2800ಕ್ಕೆ ಕಟ್ ಆಗ್ಬೇಕಂದ್ರೆ ಪಂಪ್ 1400ಕ್ಕೆ.

ಟೈಮಿಂಗ್: ಒಂದು ಡಿಗ್ರಿಯ ಬೆಲೆ

ಡೀಸೆಲ್ ಎಂಜಿನ್‌ಗೆ ಸ್ಪಾರ್ಕ್ ಇಲ್ಲ. ಡೀಸೆಲ್ ಯಾವಾಗ ಒಳಗೆ ಹೋಯ್ತು ಅನ್ನೋದೇ ಇಗ್ನಿಷನ್ ಟೈಮಿಂಗ್. 2800 ಆರ್‌ಪಿಎಂನಲ್ಲಿ ಕ್ರ್ಯಾಂಕ್ ಒಂದು ಡಿಗ್ರಿ ತಿರುಗೋಕೆ ಬೇಕಾಗೋದು 0.06 ಮಿಲಿಸೆಕೆಂಡ್. ಪಂಪ್ ಅರ್ಧ ವೇಗದಲ್ಲಿ ತಿರುಗೋದ್ರಿಂದ ಕಪ್ಲಿಂಗ್‌ನಲ್ಲಿ ಒಂದು ಡಿಗ್ರಿ ತಪ್ಪಿದ್ರೆ ಕ್ರ್ಯಾಂಕ್‌ನಲ್ಲಿ ಎರಡು ಡಿಗ್ರಿ ತಪ್ಪಿದ ಹಾಗೆ.

ಇನ್ನೊಂದು ಸ್ವಾರಸ್ಯ ಇದೆ. ಪಂಪ್ ಒತ್ತಿದ ತಕ್ಷಣ ನಾಜಲ್‌ಗೆ ಗೊತ್ತಾಗಲ್ಲ. ಒತ್ತಡದ ಅಲೆ ಡೀಸೆಲ್ ಒಳಗೆ ಸೆಕೆಂಡ್‌ಗೆ ಸುಮಾರು 1350 ಮೀಟರ್ ವೇಗದಲ್ಲಿ ಹೋಗತ್ತೆ. 60 ಸೆಂಟಿಮೀಟರ್ ಪೈಪ್ ದಾಟೋಕೆ 0.44 ಮಿಲಿಸೆಕೆಂಡ್. 1500 ಆರ್‌ಪಿಎಂನಲ್ಲಿ ಅಷ್ಟರಲ್ಲಿ ಕ್ರ್ಯಾಂಕ್ 4 ಡಿಗ್ರಿ ತಿರುಗಿರತ್ತೆ, 2800ರಲ್ಲಿ ಸುಮಾರು 7.5 ಡಿಗ್ರಿ. ಅಂದ್ರೆ ವೇಗ ಹೆಚ್ಚಾದ ಹಾಗೆ ಪಂಪ್ ಇನ್ನೂ ಮುಂಚೆ ಶುರು ಮಾಡ್ಬೇಕು. ಜನರೇಟರ್‌ಗೆ ಒಂದೇ ವೇಗ, ಅದಕ್ಕೆ ಈ ತಲೆನೋವಿಲ್ಲ. ಲಾರಿ ಪಂಪ್‌ನ ಮುಂದೆ ಎಷ್ಟೋ ಸಲ ಒಂದು ಅಡ್ವಾನ್ಸ್ ಯೂನಿಟ್ ಇರತ್ತೆ. ಅದರೊಳಗಿನ ತೂಕಗಳು ವೇಗಕ್ಕೆ ತಕ್ಕ ಹಾಗೆ ಟೈಮಿಂಗ್ ಮುಂದಕ್ಕೆ ತಳ್ತವೆ. ಪಂಪ್ ತರುವಾಗ ಇದನ್ನ ಬಿಟ್ಟು ಬಂದ್ರೆ ಅರ್ಧ ಪಂಪ್ ಬಿಟ್ಟು ಬಂದ ಹಾಗೆ. ಇಂಜೆಕ್ಷನ್ ಪೈಪ್‌ಗಳು ಎಲ್ಲಾ ಒಂದೇ ಉದ್ದ ಇರೋದೂ ಇದೇ ಕಾರಣಕ್ಕೆ. ಹತ್ತಿರದ ಸಿಲಿಂಡರ್‌ಗೆ ಪೈಪ್ ಸುರುಳಿ ಸುತ್ತಿರ್ತಾರೆ, ಅದನ್ನ ಕತ್ತರಿಸಿ ನೀಟ್ ಮಾಡೋಕೆ ಹೋಗಬೇಡಿ.

ಟೈಮಿಂಗ್ ಇಡೋ ಹಳೇ ವಿಧಾನ ಇವತ್ತಿಗೂ ಚೆನ್ನಾಗಿದೆ. ಒಂದನೇ ಸಿಲಿಂಡರನ್ನ ಕಂಪ್ರೆಶನ್ ಸ್ಟ್ರೋಕ್‌ಗೆ ತಂದು, ಒಂದನೇ ಎಲಿಮೆಂಟ್‌ನ ಡೆಲಿವರಿ ವಾಲ್ವ್ ತೆಗೆದು, ಬಾಗಿದ ಪೈಪ್ ಹಾಕ್ತಾರೆ. ಡೀಸೆಲ್ ಸುರೀತಾ ಇರತ್ತೆ. ಫ್ಲೈವೀಲನ್ನ ನಿಧಾನಕ್ಕೆ ತಿರುಗಿಸ್ತಾ ಹೋದ್ರೆ ಒಂದು ಹಂತದಲ್ಲಿ ಧಾರೆ ಹನಿಯಾಗಿ, ಹನಿ ನಿಲ್ಲತ್ತೆ. ಪ್ಲಂಜರ್ ತೂತು ಮುಚ್ಚಿದ ಕ್ಷಣ ಅದು. ಆಗ ಫ್ಲೈವೀಲ್ ಗುರುತು ತಯಾರಕರು ಹೇಳಿದ ಡಿಗ್ರಿಯಲ್ಲಿ ಇರ್ಬೇಕು. ಇಲ್ಲದಿದ್ರೆ ಪಂಪನ್ನ ಅದರ ಉದ್ದನೆ ಬೋಲ್ಟ್ ತೂತಿನಲ್ಲಿ ತಿರುಗಿಸಿ ಸರಿ ಮಾಡ್ಬೇಕು. ಮುಖ್ಯವಾಗಿ, ಇಲ್ಲಿ ಲಾರಿ ಎಂಜಿನ್‌ನ ಡಿಗ್ರಿ ಬೇಕು, ಜನರೇಟರ್‌ದಲ್ಲ.

ಟ್ಯಾಂಕ್‌ನಿಂದ ಪಂಪ್‌ವರೆಗೆ

ಹಳೇ ಪೆಟ್ರೋಲ್ ಜೀಪ್‌ನಲ್ಲಿ ಟ್ಯಾಂಕ್‌ನಿಂದ ಕಾರ್ಬೊರೇಟರ್‌ಗೆ ಹೋಗೋದು ಒಂದೇ ಪೈಪ್, ಒತ್ತಡ 0.2, 0.3 ಬಾರ್ ಇದ್ರೆ ಹೆಚ್ಚು. ಡೀಸೆಲ್‌ಗೆ ಕನಿಷ್ಠ ಎರಡು ಬೇಕು. ಫೀಡ್ ಪಂಪ್ ಬೇಕಾದ್ದಕ್ಕಿಂತ ಜಾಸ್ತಿ ಡೀಸೆಲ್ ಕಳಿಸತ್ತೆ, ಉಳಿದದ್ದು ಮತ್ತು ನಾಜಲ್‌ನಿಂದ ಸೋರಿದ್ದು ವಾಪಸ್ ಟ್ಯಾಂಕ್‌ಗೆ ಬರ್ಬೇಕು. ರಿಟರ್ನ್ ಲೈನ್ ಹೊಸದಾಗಿ ಹಾಕಲೇಬೇಕು. ಟ್ಯಾಂಕ್ ಪೂರ್ತಿ ತೊಳೀಬೇಕು. ಉಳಿದ ಪೆಟ್ರೋಲ್ ಡೀಸೆಲ್‌ನ ಜಾರುತನ ಕಡಿಮೆ ಮಾಡತ್ತೆ, ಆ ಜಾರುತನವೇ ಎಲಿಮೆಂಟ್‌ಗೆ ಆಯಿಲ್. ನೀರು ಬೇರೆ ಮಾಡೋ ಫಿಲ್ಟರ್ ಕಡ್ಡಾಯ.

ಪೈಪ್ ಜೋಡಿಸಿದ ಮೇಲೆ ಏರ್ ತೆಗೀಬೇಕು. ಗಾಳಿ ಒತ್ತಿದ್ರೆ ಕುಗ್ಗತ್ತೆ, ಡೀಸೆಲ್ ಕುಗ್ಗೋದು ತೀರಾ ಕಡಿಮೆ. ಒಂದು ಗುಳ್ಳೆ ಇದ್ರೂ ಒತ್ತಡ ಏರಲ್ಲ. ಫೀಡ್ ಪಂಪ್‌ನ ಹ್ಯಾಂಡ್ ಪ್ರೈಮರ್ ಒತ್ತುತ್ತಾ, ಬ್ಲೀಡ್ ಸ್ಕ್ರೂನಿಂದ ಗುಳ್ಳೆ ಇಲ್ಲದ ಡೀಸೆಲ್ ಬರೋವರೆಗೆ ಬಿಡ್ಬೇಕು.

ಮೊದಲ ಸ್ಟಾರ್ಟ್: ಇಲ್ಲಿ ತಮಾಷೆ ಇಲ್ಲ

ಪೆಟ್ರೋಲ್ ಎಂಜಿನ್ ಕೀ ತೆಗೆದ್ರೆ ಆಫ್ ಆಗತ್ತೆ. ಈ ಡೀಸೆಲ್ ಆಗಲ್ಲ. ಬ್ಯಾಟರಿ ಕಿತ್ತು ಎಸೆದ್ರೂ ಓಡ್ತಾನೇ ಇರತ್ತೆ. ನಿಲ್ಲಿಸೋದು ರ‍್ಯಾಕನ್ನ ಸೊನ್ನೆಗೆ ಎಳೆಯೋ ಸ್ಟಾಪ್ ಲಿವರ್ ಒಂದೇ. ಸವೆದ ಅಥವಾ ತಪ್ಪಾಗಿ ಜೋಡಿಸಿದ ಪಂಪ್‌ನಲ್ಲಿ ರ‍್ಯಾಕ್ ಪೂರ್ತಿ ಡೀಸೆಲ್ ಕಡೆ ಸಿಕ್ಕಿಹಾಕ್ಕೊಂಡ್ರೆ ಎಂಜಿನ್ ವೇಗ ಏರ್ತಾನೇ ಹೋಗತ್ತೆ. ಟರ್ಬೊ ಸೀಲ್ ಹೋಗಿ ಎಂಜಿನ್ ತನ್ನ ಆಯಿಲನ್ನೇ ಕುಡಿಯೋಕೆ ಶುರು ಮಾಡಿದ್ರಂತೂ ಸ್ಟಾಪ್ ಲಿವರ್ ಕೂಡ ಕೆಲಸಕ್ಕೆ ಬರಲ್ಲ. ಆಗ ಉಳಿಯೋ ದಾರಿ ಗಾಳಿ ಮುಚ್ಚೋದು. ಅದಕ್ಕೇ ಏರ್ ಫಿಲ್ಟರ್ ತೆಗೆದು, ಬಾಯಿಗೆ ಸರಿಯಾಗಿ ಕೂರೋ ದಪ್ಪ ಪ್ಲೇಟ್ ಒಂದನ್ನ ಮೊದಲೇ ತಯಾರಿಟ್ಟು, ಒಬ್ಬರು ಅದನ್ನ ಹಿಡಿದು ನಿಂತಿರ್ಬೇಕು. ಕೈಯಿಂದ, ಬಟ್ಟೆಯಿಂದ ಮುಚ್ಚೋ ಸಾಹಸ ಬೇಡ. ಇನ್ನೊಬ್ಬರು ಸ್ಟಾಪ್ ಲಿವರ್ ಹತ್ತಿರ. ಫ್ಲೈವೀಲ್ ಮತ್ತು ಫ್ಯಾನ್‌ನ ನೇರಕ್ಕೆ ಯಾರೂ ನಿಲ್ಲಬಾರದು.

ಇನ್ನೊಂದು ಅಪಾಯ ಸದ್ದಿಲ್ಲದ್ದು. ನಾಜಲ್ ತೆರೆಯೋಕೇ ಸುಮಾರು 200 ಬಾರ್ ಒತ್ತಡ ಬೇಕು, ಪೈಪ್‌ನಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಏರತ್ತೆ. ಎಲ್ಲಿ ಸೋರ್ತಿದೆ ಅಂತ ಬೆರಳಿಟ್ಟು ನೋಡಿದ್ರೆ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗತ್ತೆ. ಹೊರಗೆ ಸೂಜಿಮೊನೆಯಷ್ಟು ಗುರುತು, ಮೊದಲಿಗೆ ನೋವೂ ಕಡಿಮೆ. ಒಳಗೆ ಮಾಂಸ ಸಾಯ್ತಾ ಹೋಗತ್ತೆ, ಬೆರಳೇ ಹೋಗಬಹುದು. ಹಾಗಾದ್ರೆ ಒಂದು ಗಂಟೆಯೂ ಕಾಯದೆ ಆಸ್ಪತ್ರೆಗೆ ಹೋಗಿ, ಒತ್ತಡದ ಡೀಸೆಲ್ ಒಳಗೆ ಹೋಗಿದೆ ಅಂತ ಸ್ಪಷ್ಟವಾಗಿ ಹೇಳ್ಬೇಕು. ಸೋರಿಕೆ ನೋಡೋಕೆ ಒಂದು ರಟ್ಟಿನ ತುಂಡು ಸಾಕು.

ರೋಡಿಗೆ ತರಬಹುದಾ?

ಇಷ್ಟೆಲ್ಲಾ ಮಾಡಿ ಎಂಜಿನ್ ಚೆನ್ನಾಗಿ ಓಡಿತು ಅಂತಿಟ್ಟುಕೊಳ್ಳಿ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52ರ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ವಾಹನವನ್ನ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿಯಿತು. ಎಂಜಿನ್ ಬದಲಾಯಿಸೋಕೆ ನೋಂದಣಿ ಅಧಿಕಾರಿಯ ಮುಂಗಡ ಅನುಮತಿ ಬೇಕು. ಜೊತೆಗೆ ಜನರೇಟರ್ ಎಂಜಿನ್ ಪಾಸಾಗಿರೋದು ಜನರೇಟರ್‌ಗಳ ಹೊಗೆ ಮಾನದಂಡದಲ್ಲಿ, ವಾಹನದ್ದರಲ್ಲಿ ಅಲ್ಲ. ಇಂದಿರಾನಗರದ ಕೆಎ-03 ಆಗಲಿ, ಕೆ.ಆರ್. ಪುರದ ಕೆಎ-53 ಆಗಲಿ, ಈ ಎಂಜಿನ್ ನಂಬರ್ ಹಿಡ್ಕೊಂಡು ಹೋದ್ರೆ ಆರ್‌ಸಿಯಲ್ಲಿ ಬರೆಸೋದು ಕಷ್ಟ. ಬರೆಸದೇ ಓಡಿಸಿ ಅಪಘಾತ ಆದ್ರೆ ಇನ್ಶೂರೆನ್ಸ್‌ನವರು ಮೊದಲು ಕೇಳೋದು ಅದನ್ನೇ. ಡಿಕ್ಕಿಯಲ್ಲಿ ಗಾಯಗೊಂಡವರ ಪರಿಹಾರದ ಪ್ರಶ್ನೆ ಅದು, ಬರೀ ನಮ್ಮ ಜೀಪ್‌ದಲ್ಲ. ಆದ್ದರಿಂದ ನನ್ನ ಉತ್ತರ: ರೋಡಿಗೆ ಬೇಡ.

ಆದರೆ ಲ್ಯಾಬ್‌ಗೆ ಖಂಡಿತ ಬೇಕು. ಜನರೇಟರ್ ಪಂಪ್ ಇರೋ ಎಂಜಿನನ್ನ ಡೈನಮೋಮೀಟರ್‌ಗೆ ಕಟ್ಟಿದ್ರೆ ಗ್ರಾಫ್‌ನಲ್ಲಿ ಸಿಗೋದು 1500ರ ಹತ್ತಿರದ ಒಂದು ಗೆರೆ. ಅದೇ ಎಂಜಿನ್‌ಗೆ ಲಾರಿ ಪಂಪ್ ಹಾಕಿದ್ರೆ ಐಡ್ಲಿಂಗ್‌ನಿಂದ ಕಟ್-ಆಫ್‌ವರೆಗಿನ ಪೂರ್ತಿ ಟಾರ್ಕ್ ಕರ್ವ್ ಸಿಗತ್ತೆ. ಪುಸ್ತಕದಲ್ಲಿ ನೋಡೋ ಆ ಗುಡ್ಡದ ಆಕಾರವನ್ನ ನಮ್ಮದೇ ರೀಡಿಂಗ್‌ನಿಂದ ಬಿಡಿಸಬಹುದು. ವಾಲ್ವ್ ಸ್ಪ್ರಿಂಗ್, ಫ್ಲೈವೀಲ್ ಎಲ್ಲಾ ಲಾರಿಯ ವೇಗ ತಡೀತವೆಯಾ ಅಂತ ಮೊದಲು ಖಚಿತ ಮಾಡ್ಕೊಳ್ಳಿ, ಇಲ್ಲದಿದ್ರೆ ಪಂಪ್ ಅಂಗಡಿಯಲ್ಲೇ ಕಟ್-ಆಫ್ ಕಡಿಮೆ ಇಡಿಸಿ. ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಇದಕ್ಕಿಂತ ಒಳ್ಳೇ ವಿಷಯ ನನಗಂತೂ ಹೊಳೀತಿಲ್ಲ.

ಇದನ್ನ ಮಾಡೋದಾದ್ರೆ ಬೇಗ ಮಾಡ್ಬೇಕು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದ ಮೇಲೆ ಹೊಸ ಡೀಸೆಲ್ ಲಾರಿಗಳಲ್ಲಿ ಸಾಮಾನ್ಯವಾಗಿ ಇರೋದು ಕಾಮನ್ ರೈಲ್. ಅಲ್ಲಿ ಪಂಪ್ ಬರೀ ಒತ್ತಡ ಕೊಡತ್ತೆ, ಎಷ್ಟು ಮತ್ತು ಯಾವಾಗ ಅನ್ನೋದನ್ನ ಇಸಿಯು ಹೇಳತ್ತೆ. ಗವರ್ನರ್ ಈಗ ಕೆಲವು ಸಾಲು ಕೋಡ್. ಇನ್‌ಲೈನ್ ಪಂಪ್ ಬಿಚ್ಚಿ, ಕಿವಿಯಿಂದಲೇ ಯಾವ ಎಲಿಮೆಂಟ್ ಸೋಮಾರಿ ಅಂತ ಹೇಳೋ ಹಿರಿಯ ಮೆಕ್ಯಾನಿಕ್‌ಗಳಿಗೆ ಕೆಲಸ ಕಡಿಮೆ ಆಗ್ತಾ ಇದೆ. ಒಂದು ಶನಿವಾರ ಹತ್ತಿರದ ಪಂಪ್ ಅಂಗಡಿಗೆ ಹೋಗಿ, ಅಣ್ಣ, ಬೆಂಚ್ ಮೇಲೆ ಒಂದು ಪಂಪ್ ಓಡೋದನ್ನ ನೋಡ್ಬಹುದಾ ಅಂತ ಕೇಳಿ. ಗಾಜಿನ ಕೊಳವೆಗಳು ಒಟ್ಟಿಗೆ ತುಂಬೋದನ್ನ ನೋಡಿ ಬಂದ ಮೇಲೆ, ಇಲ್ಲಿರೋ ಲೆಕ್ಕವನ್ನ ನಿಮ್ಮ ಲ್ಯಾಬ್ ಎಂಜಿನ್‌ಗೆ ಒಮ್ಮೆ ಹಾಕಿ ನೋಡಿ.